ಬಾಮೈದನ ಮೂರು ನಿದ್ದೆಗಳು

ನಾನು ಗೊರಕೆ ಹೊಡೆಯುತ್ತೇನೆ ಎಂದು ನನ್ನ ಹೆಂಡತಿ ಮದುವೆಯಾದಂದಿನಿಂದ ಹೇಳುತ್ತಿದ್ದಾಳೆ. ನಾನು ಈವರೆಗೂ ಒಪ್ಪಿಲ್ಲ. ಒಪ್ಪಬೇಕಾದರೆ ನಾನೂ ಕೇಳಿಸಿಕೊಂಡಿರಬೇಕಲ್ಲ? ಅವಳು ಹೇಳುವ ಅಪರಾಧ ನಡೆಯುವ ಹೊತ್ತಿನಲ್ಲಿ ನಾನು ಸ್ಥಳದಲ್ಲಿರುವುದಿಲ್ಲ. ದೇಹ ಮಂಚದ ಮೇಲೇ ಬಿದ್ದಿರುತ್ತದೆ, ನಿಜ. ಯಜಮಾನ ಮಾತ್ರ ಎಲ್ಲಿಗೋ ಹೋಗಿರುತ್ತಾನೆ. ಎಲ್ಲಿಗೆ ಎಂದು ಈ ವಯಸ್ಸಿನಲ್ಲೂ ನನಗೆ ತಿಳಿದಿಲ್ಲ.

ನಾನಿರುವುದು ಶ್ರೀರಂಗಪಟ್ಟಣದಲ್ಲಿ. ನಮ್ಮೂರ ದೇವರೇ ಮಲಗಿರುವ ದೇವರು. ಬೇರೆ ಊರುಗಳಲ್ಲಿ ದೇವರು ನಿಂತು ಕಾಯುತ್ತಾನೆ, ಕೂತು ಕಾಯುತ್ತಾನೆ. ನಮ್ಮವನು ಹಾವಿನ ಹಾಸಿಗೆಯ ಮೇಲೆ ಮಲಗಿಕೊಂಡೇ ಕಾಯುತ್ತಾನೆ. "ಸ್ವಾಮಿ ಯಾವಾಗ ಏಳ್ತಾನಜ್ಜಿ?" ಎಂದು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ನಮ್ಮಜ್ಜಿ, "ಅವ್ನು ಮನಗಿರೋದ್ಕೇ ಕಣ್ಲಾ ನಾವು ಎದ್ದಿರೋದು" ಎಂದಿದ್ದಳು. ಅರ್ಥವಾಗಿರಲಿಲ್ಲ, ಈಗಲೂ ಪೂರ್ತಿ ಆಗಿಲ್ಲ. ಪಂಡಿತರು ಅದನ್ನು ಯೋಗನಿದ್ರೆ ಎಂದರು. ನಮ್ಮ ಹಟ್ಟಿಯ ಹಿರಿಯರು ತಮ್ಮ ಪಾಲಿನ ನಿದ್ದೆಗಳಿಗೆ ಜೊಂಪು, ಮಂಪರು, ತೂಕಡಿಕೆ, ಕೋಳಿನಿದ್ದೆ ಎಂದು ಮನೆಯ ದನಗಳಿಗೆ ಇಟ್ಟ ಹಾಗೆ ಒಂದೊಂದಕ್ಕೂ ಹೆಸರಿಟ್ಟು ಸುಮ್ಮನಾದರು. ಅಳೆಯಲು ಹೋಗಲಿಲ್ಲ.

ಅಳೆಯುವ ಕಾಲ ಬಂದದ್ದು ನನ್ನ ಬಾಮೈದ ನಿಂಗರಾಜುವಿನ ಮಣಿಕಟ್ಟಿಗೆ. ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡು, ನಾಗಮಂಗಲದ ರಸ್ತೆಯಲ್ಲಿರುವ ಒಂದು ಶಾಲೆಯ ಬಸ್ಸು ಓಡಿಸುತ್ತಾನೆ. ಚಾಲಕರು ಚೆನ್ನಾಗಿ ನಿದ್ದೆ ಮಾಡಿರಬೇಕೆಂದು ಪೋಷಕರ ಸಭೆಯಲ್ಲಿ ಮಾತು ಬಂದು, ಶಾಲೆಯವರು ಎಲ್ಲ ಚಾಲಕರಿಗೂ ನಿದ್ದೆ ಎಣಿಸುವ ವಾಚು ಕೊಡಿಸಿದರು. ಆಲೋಚನೆ ಒಳ್ಳೆಯದೇ. ವಾಚಿನ ಲೆಕ್ಕ ಫೋನಿಗೆ ಹೋಗಿ, ಫೋನಿನಿಂದ ಶಾಲೆಯ ಆಪಿಗೆ ಹೋಗಿ, ಅಲ್ಲಿಂದ ಆಡಳಿತ ನೋಡಿಕೊಳ್ಳುವ ಮೇಡಂ ಕಣ್ಣಿಗೆ ಬೀಳುತ್ತದೆ. ಕಾಲುವೆಯ ನೀರಿನ ಹಾಗೆ ದಾರಿಯಲ್ಲಿ ಸೋರುತ್ತದೆಂದು ಯಾರಿಗೆ ಗೊತ್ತಿತ್ತು?

ಒಂದು ಭಾನುವಾರ ನಿಂಗರಾಜು ನಮ್ಮ ಮನೆಗೆ ಬಂದು ಕೈ ಚಾಚಿದ.

"ನೋಡಿ ಭಾವ, ವಾಚು ಏಳೂವರೆ ಗಂಟೆ ಮನಗಿದ್ದೀಯ ಅಂತದೆ. ಫೋನು ಆರು ಅಂತದೆ. ಇಸ್ಕೂಲ್ ಆಪು ನಾಕೂವರೆ ಅಂತದೆ. ಮನಗಿದ್ದು ನಾನೊಬ್ನೇ, ಮೂರ್ ಜನ ಮನಗ್ದಂಗಾಗದೆ."

"ಅದ್ರಿಂದೇನಾಯ್ತಲಾ ಈಗ?" ಎಂದಳು ನನ್ನ ಹೆಂಡತಿ, ಅಂದರೆ ಅವನ ಅಕ್ಕ.

"ನಾಕೂವರೆ ಮನಗೋನ್ಗೆ ಸ್ಟೇರಿಂಗ್ ಕೊಡಾಕಿಲ್ವಂತೆ ಕಣಕ್ಕ. ಮಂಗಳವಾರ ಕಳೀಲಿ, ಗೇಟ್ ಕಾಯಾಕೆ ಆಕ್ತೀವಿ ಅಂದವ್ರೆ. ನನ್ ಬಸ್ಸಿನ ಮಕ್ಳು ನನ್ ಮುಂದೇನೇ ಬೇರೆಯವನ ಬಸ್ಸತ್ಕಂಡ್ ಓಯ್ತವೆ."

"ನಿನ್ ನಿದ್ದೆ ನಂಗೊತ್ತಿಲ್ವೇನ್ಲಾ? ಕಬ್ಬಿನ ಗಾಡಿ ಮೇಲೆ ಮನಿಕ್ಕಂಡು ಫ್ಯಾಕ್ಟ್ರಿ ಗಂಟ ಓಗಿ ಬಂದೋನು. ನಾನೇ ಬಂದ್ ಯೋಳ್ತೀನಿ ನಿಮ್ ಮೇಡಮ್ಗೆ."

"ನೀನ್ ಬಂದ್ ಅದ ಯೋಳುದ್ರೆ ಗೇಟೂ ಸಿಕ್ಕಾಕಿಲ್ಲ, ಸುಮ್ಕಿರಕ್ಕ."

ಮನೆಯಲ್ಲಿ ಫೋನು ತಿಳಿದವನೆಂಬ ಬಿರುದು ನನಗಿದೆ. ಯಾರು ಕೊಟ್ಟರೋ ಕಾಣೆ. ಕನ್ನಡಕ ಏರಿಸಿಕೊಂಡು ವಿಚಾರಣೆ ಮಾಡಿದೆ. ನಿಂಗರಾಜು ಕೋಳಿ ಕೂಗುವ ಮೊದಲೇ ಎದ್ದು ಹಾಲು ಕರೆದು ಡೈರಿಗೆ ಹಾಕುತ್ತಾನೆ. ವಾಪಸು ಬಂದು ಇನ್ನೊಂದು ನಿದ್ದೆ ತೆಗೆಯುತ್ತಾನೆ. ಮಧ್ಯಾಹ್ನ ಮುದ್ದೆ ಉಂಡು, ನಿಲ್ಲಿಸಿದ ಬಸ್ಸಿನಲ್ಲಿ ಮೂರನೆಯದು. ಅವನ ತಂದೆಯೂ ಹೀಗೇ ಮಲಗುತ್ತಿದ್ದರು. ಹಸು ಕಟ್ಟಿದ ಮನೆಗಳಲ್ಲಿ ನಿದ್ದೆಯನ್ನು ಹೀಗೆಯೇ ತುಂಡುಮಾಡಿ ತಿನ್ನುತ್ತಾರೆ. ವಾಚು ಮೂರನ್ನೂ ಕೂಡಿತ್ತು. ಫೋನು ಹಗಲಿನದನ್ನು ಬಿಟ್ಟಿತ್ತು. ಶಾಲೆಯ ಆಪಿಗೆ ಮೊದಲ ತುಂಡೊಂದೇ ನಿದ್ದೆ. ಏಕೆಂದರೆ ಆಮೇಲೆ ನಿಂಗರಾಜುವಿನ ಕೈ ಒಂದೇ ಸಮನೆ ಆಡಿದ್ದನ್ನು ಕಂಡು, ಮನುಷ್ಯ ಎದ್ದ, ಅವನ ದಿನ ಶುರುವಾಯಿತು ಎಂದು ಅದು ತೀರ್ಮಾನಿಸಿತ್ತು. ಅಷ್ಟೇ ಅಲ್ಲ, ಹಸುವಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಹಾಲು ಹಿಂಡಿದ್ದನ್ನು ಬೆಳಗಿನ ವಾಯುವಿಹಾರ ಎಂದು ಬರೆದುಕೊಂಡು, 'ಭೇಷ್, ಇನ್ನೂ ಸ್ವಲ್ಪ ನಡೆಯಿರಿ' ಎಂದು ಹುರಿದುಂಬಿಸಿತ್ತು.

ನಾನು ಇದನ್ನು ಸರಿಪಡಿಸಿದೆ. ಸರಿಪಡಿಸಿದೆ ಎಂದುಕೊಂಡೆ. ಮೂರು ತುಂಡೂ ಲೆಕ್ಕಕ್ಕೆ ಬರುವಂತೆ ಫೋನಿನಲ್ಲೂ ಆಪಿನಲ್ಲೂ ಬದಲಾಯಿಸಿ, ವಾಚನ್ನು ಫೋನಿಗೂ ಜೋಡಿಸಿ, ನೇರವಾಗಿ ಆಪಿಗೂ ಜೋಡಿಸಿದೆ. ಮಂಗಳವಾರ ಬೆಳಗ್ಗೆ ನೋಡಿದರೆ, ಒಂದೇ ನಿದ್ದೆ ಎರಡು ದಾರಿಯಿಂದ ಹೋಗಿ ಸೇರಿ, ನಿಂಗರಾಜು ಹಿಂದಿನ ದಿನ ಹದಿನೈದು ಗಂಟೆ ಮಲಗಿದ್ದ. ಸರಿಪಡಿಸಿದ್ದು ಭಾವ ಎಂದು ಅವನು ನನ್ನ ನಂಬರು ಕೊಟ್ಟುಬಿಟ್ಟಿದ್ದ, ಮೇಡಮ್ಮಿನಿಂದ ನನಗೇ ಫೋನು ಬಂತು.

"ಹದಿನೈದು ಗಂಟೆ ಮಲಗೋರು ಬಸ್ಸು ಯಾವಾಗ ಓಡಿಸ್ತಾರೆ ಸಾರ್?"

ನಿಂಗರಾಜುವಿಗೆ ಫೋನಿನಲ್ಲೇ ಹೇಳಿ ನಾನು ಮಾಡಿದ್ದನ್ನೆಲ್ಲ ಮೊದಲಿನಂತೆ ಮಾಡಿಸಿ, ಬಸ್ಸು ಹತ್ತಿ ಶಾಲೆಗೇ ಹೋದೆ. ಮಧ್ಯಾಹ್ನ ಇಳಿಯುವ ಹೊತ್ತು. ಮೇಡಂ ಕಣ್ಣ ಕೆಳಗೆ ಕಪ್ಪು ಕಟ್ಟಿದ, ಮೆತ್ತಗಿನ ಮಾತಿನ ಹೆಂಗಸು. ಹಾಲು, ಡೈರಿ, ಮೂರು ತುಂಡು ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿ, "ನಂಬಬೇಕು ಅನ್ನಿಸುತ್ತೆ ಸಾರ್. ಆದರೆ ಮಕ್ಕಳ ವಿಷಯ. ಕಣ್ಣಾರೆ ನೋಡಿದ್ರೆ ಮಾತ್ರ ಒಪ್ತೀನಿ" ಎಂದು ಎದ್ದರು.

ಬಸ್ಸು ಹೊಂಗೆಮರದ ಕೆಳಗೆ ನಿಂತಿತ್ತು. ನಿಂಗರಾಜು ಹಿಂದಿನ ಸೀಟಿನಲ್ಲಿ ಕಾಲು ಕಿಟಕಿಯಾಚೆ ಚಾಚಿ ಮಲಗಿದ್ದ. ಮೈದಾನದಲ್ಲಿ ಮಕ್ಕಳ ಡ್ರಮ್ಮು ಡಬಡಬ ಬಡಿಯುತ್ತಿತ್ತು. ಅವನ ಹುಬ್ಬು ಕೂಡ ಅಲುಗಲಿಲ್ಲ. ಮಣಿಕಟ್ಟಿನ ಅಡಿಯಲ್ಲಿ ವಾಚಿನ ಹಸಿರು ದೀಪ ಮಿಣುಕುತ್ತ, ಬಾಗಿಲು ತಟ್ಟಿ ಒಳಗೆ ಯಾರೂ ಓಗೊಡದ ನೆಂಟನ ಹಾಗೆ ಕಾಯುತ್ತಿತ್ತು. ನಾಲ್ಕು ದಿನದಿಂದ ಗೇಟು ಗೇಟೆಂದು ಕೊರಗಿದ್ದ ಮುಖದಲ್ಲಿ ಈಗ ಗೇಟಿರಲಿಲ್ಲ, ವಯಸ್ಸೂ ಇರಲಿಲ್ಲ. ಅವನನ್ನು ಮೂವತ್ತು ವರ್ಷದಿಂದ ಬಲ್ಲೆ. ಈ ಮುಖವನ್ನು ಮೊದಲ ಸಲ ನೋಡಿದೆ. ದೇವಸ್ಥಾನದಲ್ಲಿ ತೆರೆ ಸರಿದಾಗ ಮಾತು ತಾನಾಗಿ ನಿಲ್ಲುತ್ತದಲ್ಲ, ಹಾಗೆ ಇಬ್ಬರೂ ಸುಮ್ಮನೆ ನಿಂತೆವು.

"ಏಳ್ಲಾ" ಎನ್ನಲು ನಾನು ಬಾಯಿ ತೆರೆದೆ. ಮೇಡಂ ಕೈ ಅಡ್ಡ ಹಿಡಿದರು.

"ಎಬ್ಬಿಸಬೇಡಿ. ನಾನು ರಾತ್ರಿಯಿಡೀ ಮಲಗಿದ್ರೂ ನನಗೆ ಇಷ್ಟು ಸಿಗಲ್ಲ" ಎಂದು ಪಿಸುಗುಟ್ಟಿದರು. ಒಂದು ಹೆಜ್ಜೆ ಹಿಂದೆ ಸರಿದು, "ಗೇಟಿಗೆ ಬೇರೆಯವರನ್ನ ನೋಡ್ತೀನಿ. ಇವರ ಮೂರು ನಿದ್ದೆಯನ್ನೂ ಇನ್ನು ನಾನೇ ಕೇಳಿ ಕೂಡಿಕೊಳ್ತೀನಿ" ಎಂದರು.

ಶಾಲೆ ಬಿಡುವ ಬೆಲ್ಲು ಹೊಡೆಯುವುದಕ್ಕೆ ತುಸು ಮೊದಲು ನಿಂಗರಾಜು ತಾನಾಗಿ ಕಣ್ಣು ಬಿಟ್ಟ. ನಮ್ಮನ್ನು ಕಂಡು ಧಡಕ್ಕನೆ ಎದ್ದು ಕೂತ.

"ಮನಗ್ಬುಟ್ಟಿದ್ನಾ ಮೇಡಂ?"

ಮೇಡಂ ಫೋನು ತೆಗೆದು ಆಪು ನೋಡಿದರು. "ಇಲ್ಲ ನಿಂಗರಾಜು, ಎಚ್ಚರವಾಗಿದ್ರಿ ಅಂತ ತೋರಿಸ್ತಿದೆ."

ಅವನು, "ಸದ್ಯ. ನಿದ್ದೆ ಬಂದ್ಬುಡ್ತು ಅಂದ್ಕಂಡೆ" ಎಂದು ಹೋಗಿ ಸ್ಟೇರಿಂಗ್ ಮುಂದೆ ಕೂತ. ಮಕ್ಕಳು ಕೂಗಾಡುತ್ತ ಹತ್ತಿಕೊಂಡವು.

ಬಸ್ಸು ತಿರುವು ದಾಟುವವರೆಗೂ ಮೇಡಂ ನೋಡುತ್ತ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಸಂಕೋಚದಿಂದಲೇ ಕೇಳಿದರು:

"ಒಂದು ಹಸು ಸಾಕೋದು ತುಂಬಾ ಕಷ್ಟವಾ ಸಾರ್?"