ಮದಗುಣಕಿ ಆಡಿಸಿದ ಮಾತು

ಬಿಜ್ಜರಗಿಯ ಯಶೋಧರಾಗೆ ದಣಿವು ಹೊಸದಲ್ಲ. ಬೆಳಗಾದರೆ ದ್ರಾಕ್ಷಿ ತೋಟದ ಕೂಲಿ, ಮನೆಗೆ ಬಂದರೆ ದಮ್ಮಿನ ಕಾಯಿಲೆಯ ಅಪ್ಪ ರಾಯಪ್ಪ. ತಾಯಿ ಸಾವಂತ್ರವ್ವ ತೀರಿಕೊಂಡ ಮೇಲೆ ಅವನ ಚಾಕರಿಯೆಲ್ಲ ಇವಳ ತಲೆಗೇ ಬಂದಿತ್ತು. ರಾಯಪ್ಪನೋ ಮಹಾ ಹಟಮಾರಿ. ಡಾಕ್ಟರು ಉಸಿರಿಗೆಂದು ಕೊಟ್ಟ ಪಂಪು ಗೂಡಿನಲ್ಲಿ ಧೂಳು ತಿನ್ನುತ್ತಿತ್ತು. ಈ ಪುಣ್ಯಾತ್ಮ ಹಿತ್ತಲಿನ ಮದಗುಣಕಿಯ, ಅಂದರೆ ದತ್ತೂರಿಯ, ಒಣಎಲೆ ಸುತ್ತಿ ಬೀಡಿಯಂತೆ ಸೇದುತ್ತಿದ್ದ. ಮಗಳ ದುಡಿಮೆಗೆ ಒಂದು ಒಳ್ಳೆಯ ಮಾತು ಅವನ ಬಾಯಿಂದ ಎಂದೂ ಬಿದ್ದದ್ದಿಲ್ಲ.

ಒಂದು ಮಧ್ಯಾಹ್ನ ಅವನಿಗೆ ಉಸಿರು ವಿಪರೀತ ಕಟ್ಟಿತು. ಸೇದಿದ್ದು ಸಾಲದೆಂದು ಅದನ್ನೇ ಕುದಿಸಿ ಕುಡಿದುಬಿಟ್ಟ. ಯಶೋಧರಾ ತೋಟದಿಂದ ಬಂದಾಗ ಅವನ ಮೈ ಕಾದ ಹಂಚಾಗಿತ್ತು. ಬಾಯಿ ಒಣಗಿ, ಕಣ್ಣಪಾಪೆ ಹಿಗ್ಗಿ, ಗಾಳಿಯಲ್ಲಿ ಇಲ್ಲದ ದಾರ ಎಳೆಯುತ್ತಿದ್ದ. ಬಾಡಿಗೆ ಜೀಪು ಮಾಡಿಕೊಂಡು ವಿಜಯಪುರಕ್ಕೆ ಹೊರಟಳು. ಅವಳ ತೊಡೆಯ ಮೇಲೆ ತಲೆಯಿಟ್ಟವನಿಗೆ ಅವಳು ಸತ್ತ ಹೆಂಡತಿಯಾಗಿ ಕಂಡಳು.

“ಸಾವಂತ್ರಿ, ನಮ್ಮ ಯಶೋಧರಾ ಹೈರಾಣ ಆಗ್ಯಾಳ. ಆಕಿ ಇರದಿದ್ರ ನಾ ಎಂದೋ ಮಣ್ಣಾಗಿರ್ತಿದ್ದೆ. ಆಕಿ ಮುಂದ ಬಾಯಿಬಿಟ್ಟು ಹೇಳಾಕ ನನಗ ಆಗೂದಿಲ್ಲ.”

ತಿಕೋಟಾ ದಾಟುವವರೆಗೂ ಅದನ್ನೇ ಹೇಳಿದ. ಅವಳು ಸುಮ್ಮನೆ ಅತ್ತಳು.

ಆಸ್ಪತ್ರೆಯಲ್ಲಿ ಡಾಕ್ಟರು ಸಿಟ್ಟಾದರು. ಯಾವ ಗಿಡದಲ್ಲಿ ಎಷ್ಟು ವಿಷ ಇರುತ್ತದೆಂದು ಯಾರಿಗೂ ಗೊತ್ತಾಗುವುದಿಲ್ಲ, ಎದೆಬಡಿತ ತಪ್ಪಿ ಜೀವವೇ ಹೋಗುತ್ತಿತ್ತು, ಇನ್ನೊಮ್ಮೆ ಕುಡಿದರೆ ಉಳಿಯುವ ಖಾತ್ರಿಯಿಲ್ಲ ಎಂದರು. ಬುದ್ಧಿ ಸ್ತಿಮಿತಕ್ಕೆ ಬರಲು ರಾಯಪ್ಪನಿಗೆ ಎರಡು ದಿನ ಹಿಡಿಯಿತು. ಜೀಪು ಹತ್ತಿದ್ದೂ ಅವನ ನೆನಪಿನಲ್ಲಿರಲಿಲ್ಲ. ತಾನು ಏನಾದರೂ ಮಾತಾಡಿದೆನೇ ಎಂದು ಸಂಕೋಚದಿಂದ ಕೇಳಿದ. ಯಶೋಧರಾ ಆಸೆಯಿಂದ ಎಲ್ಲವನ್ನೂ ಹೇಳಿದಳು. ಅವನು ಮುಖ ಗೋಡೆಗೆ ತಿರುಗಿಸಿದ.

“ಅಮಲಿನ್ಯಾಗ ಏನೇನರ ಬಡಬಡಿಸೇನಿ. ಮನಸಿಗೆ ಹಚ್ಕೋಬ್ಯಾಡ.”

ಮನೆಗೆ ಬಂದ ದಿನವೇ ಅವಳು ಹಿತ್ತಲಿಗೆ ಹೋದಳು. ಮದಗುಣಕಿಯ ಬುಡ ಹಿಡಿದವಳಿಗೆ ಕೈ ಮುಂದುವರಿಯಲಿಲ್ಲ. ಅಪ್ಪನ ಬಾಯಿಂದ ಆ ಮಾತು ಹೊರಡಿಸಿದ್ದು ಇದೊಂದೇ. ಇನ್ನೊಮ್ಮೆ ಕೇಳಬೇಕು ಎಂದು ಮನಸ್ಸು ಅಂದಿತು. ಅಂದದ್ದಕ್ಕೆ ಅವಳಿಗೇ ಹೇಸಿಗೆಯಾಯಿತು. ಒಳಗಿನಿಂದ ಅಪ್ಪ ಚಹಾ ಯಾಕೆ ತಡ ಎಂದು ಗೊಣಗಿದ. ಅವಳು ಎರಡೂ ಕೈಯಿಂದ ಜಗ್ಗಿ ಗಿಡವನ್ನು ಬುಡಸಮೇತ ಕಿತ್ತಳು.