ಮೂವತ್ತೇಳನೆಯ ಫೋಟೋ

ಕಪಾಟಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿ ತೆರೆದೆ ನೋಡಿ, ಹುಳಿ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಉಪ್ಪಿನಕಾಯಿಯಲ್ಲ ಮಾರಾಯರೇ, ಹಳೆಯ ಫಿಲ್ಮು. ವಯಸ್ಸಾದರೆ ಅದು ಹೀಗೆ ನಾರುತ್ತದೆ. ಮಲಾಡಿನ ನಮ್ಮ ಮನೆಯಲ್ಲಿ ಮನುಷ್ಯರಿಗೇ ಜಾಗ ಸಾಲದು. ಇದನ್ನಾದರೂ ಎಸೆಯೋಣವೆಂದು ಹೊರಟೆ.

ಇವೆಲ್ಲ ಎಂಬತ್ತರ ದಶಕದಲ್ಲಿ ನನ್ನ ಮಾವ ಭಾಂಡುಪ್‌ನ ಕಾಲೊನಿಯಲ್ಲಿ ತೆಗೆದ ಕಪ್ಪುಬಿಳುಪು ಚಿತ್ರಗಳು. ಮೂವತ್ತಾರರ ರೋಲಿನಲ್ಲಿ ಮೂವತ್ತಾರೇ ತೆಗೆಯುವವರು ಅವರ ಲೆಕ್ಕದಲ್ಲಿ ಶುದ್ಧ ದಡ್ಡರು. ರೋಲು ಬಿಗಿದು ನಿಂತ ಮೇಲೂ ಮೆಲ್ಲಗೆ ತಿರುಗಿಸಿ ಇನ್ನೊಂದನ್ನು ಹಿಂಡುತ್ತಿದ್ದರು. ಕ್ಯಾಮರಾ ಕಂಡರೆ ಮುಖ ಬಿಗಿಯುತ್ತಿದ್ದ ಅತ್ತೆ ಒಮ್ಮೆ, "ಇನ್ನೊಂದು ಬರತ್ತೆ ಕಣೇ, ಅಲ್ಲಾಡಬೇಡ" ಎಂದು ಗಂಡ ಒದ್ದಾಡುವುದನ್ನು ನೋಡಿ ನಕ್ಕುಬಿಟ್ಟರಂತೆ. ಮರುವರ್ಷವೇ ತೀರಿಕೊಂಡರು. ಅವರು ನಗುವ ಫೋಟೋ ಅದೊಂದೇ, ಅದೂ ರೋಲಿನ ತುದಿಯಲ್ಲಿ ಅರೆಬರೆ ಬಿದ್ದದ್ದು. "ಆಧಾ ಹೈ, ನಹೀಂ ಆಯೇಗಾ", ಅರ್ಧವೇ ಇದೆ, ಪ್ರಿಂಟು ಬರುವುದಿಲ್ಲ ಎಂದು ಸ್ಟುಡಿಯೋದವರೆಲ್ಲ ಫಿಲ್ಮಿನ ಪಟ್ಟಿಯನ್ನು ವಾಪಸು ಕೊಟ್ಟಿದ್ದರು. ಆ ನಗುವನ್ನು ಒಮ್ಮೆ ಕಣ್ತುಂಬ ನೋಡಬೇಕೆಂಬುದು ನನ್ನ ಹೆಂಡತಿ ಸುಮಾಳ ಆಸೆ.

ತೊಂಬತ್ತರ ದಶಕದ ಆರಂಭದಲ್ಲಿ ನಾನಿದ್ದ ಬಾಂದ್ರಾದ ಜಾಹೀರಾತು ಆಫೀಸಿಗೆ ಟೇಬಲ್ಲಿನ ಮೇಲಿಡುವ ಫಿಲ್ಮ್ ಸ್ಕ್ಯಾನರ್ ಬೇಕಾಯಿತು. ಎರಡು ಯಂತ್ರಗಳು ಪರೀಕ್ಷೆಗೆ ಬಂದವು. ಆರಿಸುವ ಭಾರ ನನ್ನದು, ಏಕೆಂದರೆ ಕೈಪಿಡಿ ಓದಿದ್ದವನು ನಾನೊಬ್ಬನೇ. ಅರ್ಥವಾಯಿತೇ ಎಂದು ಯಾರೂ ಕೇಳಲಿಲ್ಲ. ಒಂದು ಯಂತ್ರ ಬಲು ಚುರುಕು, ನನ್ನ ಮನಸ್ಸು ಅದರ ಮೇಲೇ. ಆದರೆ ಫಿಲ್ಮನ್ನು ಒಂದೊಂದೇ ಚಿತ್ರವಾಗಿ ಕತ್ತರಿಸಿ ರಟ್ಟಿನ ಚೌಕಟ್ಟಿಗೆ ಸೇರಿಸಿ ಕೊಡಬೇಕು. ಇನ್ನೊಂದು ಆಮೆ. ಅದು ಇಡೀ ಪಟ್ಟಿಯನ್ನು ಒಳಗೆ ಬಿಟ್ಟುಕೊಂಡು, ಬೇಕಾದಂತೆ ಆಚೀಚೆ ಸರಿಸಲೂ ಬಿಡುತ್ತಿತ್ತು.

ಶನಿವಾರ ಸುಮಾ ಆ ಪಟ್ಟಿಯನ್ನು ಆಫೀಸಿಗೇ ತಂದಳು. ನಾನು ಜಂಬದಿಂದ ಕತ್ತರಿ ಎತ್ತಿಕೊಂಡೆ.

"ಕತ್ತರಿ ಹಾಕಬೇಡಿ ಅಂದ್ರೆ. ಅಮ್ಮನ ಮುಖ ಅಂಚಲ್ಲೇ ಇದೆ, ರಟ್ಟಿನ ಕೆಳಗೆ ಹೋಗತ್ತೆ."

ಪಟ್ಟಿ ಆಮೆಯೊಳಗೆ ಹೋಯಿತು. ತರಿಸಿದ ಚಹಾ ಆರಿಹೋಯಿತು. ಪರದೆಯ ಮೇಲೆ ಗೆರೆಗೆರೆಯಾಗಿ ಬೈತಲೆ ಬಂತು, ಹಣೆ ಬಂತು, ಕೊನೆಗೆ ಬಾಯಿತುಂಬ ನಗು.

"ಅಮ್ಮಂದು ಸೊಟ್ಟ ಹಲ್ಲು, ಮರೆತೇಹೋಗಿತ್ತು," ಎಂದು ಸುಮಾ ನಕ್ಕಳು, ಅತ್ತಳು. ನನಗೆ ಆ ದಿನದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಹಿಂದೆ ನಿಂತಿದ್ದ ನಮ್ಮ ಮಾಲೀಕರು ಧಾರವಾಡದವರು. "ನಮ್ಮ ಗಿರಾಕಿಗೋಳೂ ನಿಮ್ಮ ಮಾವನಂಥವ್ರೇ ರೀ, ಪಟ್ಟಿನೇ ತರ್ತಾರ. ಇದನ್ನೇ ತಗೊಳ್ಳೋಣು," ಎಂದರು. ಹೀಗೆ ನಾನು ಆರಿಸುವ ಮೊದಲೇ ಆಯ್ಕೆ ಮುಗಿಯಿತು.

ಇವತ್ತು ಎಸೆಯುವ ಮೊದಲು ಸುಮಾಳನ್ನು ಕೇಳಿದೆ. "ಫೋಟೋ ಗೋಡೆ ಮೇಲಿದೆಯಲ್ಲ, ಈ ಪಟ್ಟಿ ಇನ್ಯಾಕೆ?"

ಅವಳು ಕನ್ನಡಕ ಸರಿಮಾಡಿಕೊಂಡು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೆಗೆಟಿವ್‌ನಲ್ಲಿ ಅತ್ತೆಯ ಕಪ್ಪು ಕೂದಲೆಲ್ಲ ಬೆಳ್ಳಗೆ ಕಾಣುತ್ತಿತ್ತು.

"ಗೋಡೆ ಮೇಲಿರೋ ಅಮ್ಮ ನನಗಿಂತ ಚಿಕ್ಕವಳಾಗಿಬಿಟ್ಟಿದ್ದಾಳೆ ಕಣ್ರೀ," ಎಂದಳು. "ಇದರಲ್ಲಿ ನೋಡಿ, ನನ್ನ ಜೊತೆ ಅವಳಿಗೂ ವಯಸ್ಸಾಗಿದೆ."

ನಾನು ಕಪಾಟಿನೊಳಗೆ ನನ್ನ ಅಂಗಿಗಳನ್ನು ಒತ್ತರಿಸಿ ಡಬ್ಬಿಗೆ ಜಾಗ ಮಾಡಿದೆ.