ಅಣ್ಣನ ಬೆನ್ನಿಗೆ ಹದ ಮಾಡಿದ ಜೀಪು

ಗುರುವಾರ ಬೆಳಗ್ಗೆ ಆರೂವರೆಯ ಬಸ್ಸಿಗೆ ಮೈಸೂರು ಬಿಟ್ಟೆ. ಆಧಾರ್ ಕಾರ್ಡು ತೋರಿಸಿ ಫ್ರೀ ಟಿಕೆಟ್ ಹರಿಸಿಕೊಂಡು, ಕಿಟಕಿ ಪಕ್ಕ ಕೂತು, ಅರವತ್ತು ಕಿಲೋಮೀಟರ್ ಉದ್ದಕ್ಕೂ ಅಣ್ಣನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಹೋದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಎರಡು ದಿನ ರಜೆ ಹಾಕಿ ಜೀಪು ಓಡಿಸಲು ಹೋಗುತ್ತಿದ್ದೇನೆ ಅಂದರೆ ನಮ್ಮ ಹೆಡ್‌ಮೇಷ್ಟ್ರು ನಂಬುವ ಪೈಕಿಯೇ? ಜ್ವರ ಅಂತ ಬರೆದುಕೊಟ್ಟಿದ್ದೆ.

ಅಣ್ಣ ಮಾದೇಶ ಕುದೇರಿನಲ್ಲಿದ್ದಾನೆ. ಮೂರು ವರ್ಷದ ಹಿಂದೆ ಟ್ರ್ಯಾಕ್ಟರಿನಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ವೀಲ್‌ಚೇರಿನಲ್ಲೇ ಓಡಾಟ. ಬಿದ್ದದ್ದು ಗುಂಡ್ಲುಪೇಟೆ ಹತ್ತಿರ ಗುಡ್ಡದ ಮೇಲಿರುವ ಹೊಲದಲ್ಲಿ. ಅದು ಅತ್ತಿಗೆ ಮಾದೇವಿಯ ತವರಿನಿಂದ ಬಂದ ಎರಡು ಎಕರೆ. ಅವತ್ತಿನಿಂದ ಅತ್ತಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿ, ಗುಡ್ಡ ಹತ್ತಿ, ಬೇಸಾಯ ಮಾಡಿಕೊಂಡು ಬರುತ್ತಾಳೆ. ಅಣ್ಣ ಒಮ್ಮೆಯೂ ಹೋಗಿಲ್ಲ. ಅಲ್ಲಿಗಿರುವುದು ಕಲ್ಲು, ಕೊರಕಲಿನ ದಾರಿ. ಜೋರಾಗಿ ಒಂದು ಕುಲುಕು ಕುಲುಕಿದರೂ ಬೆನ್ನಿಗೆ ಹಾಕಿರುವ ರಾಡು ಜರುಗಬಹುದು ಎಂದು ಡಾಕ್ಟರು ಹೆದರಿಸಿದ್ದರು.

"ಅವ್ಳೊಬ್ಳೇ ಏನ್ ಬೆಳ್ದವ್ಳೆ ಅಂತ ಒಂದ್ಸಲ ಕಣ್ಣಲ್ಲಿ ನೋಡ್ಬೇಕು ಕಣಮ್ಮಿ. ಸತ್ರೂ ಚಿಂತೆ ಇಲ್ಲ" ಎಂದು ಅಣ್ಣ ಫೋನಿನಲ್ಲಿ ಹೇಳಿದಾಗ ನನಗೆ ಕೋಪ ನೆತ್ತಿಗೇರಿತ್ತು. ಸತ್ತರೆ ನಿನಗೇನು ಚಿಂತೆ, ಚಿಂತೆ ನಮಗೆ! ಆದರೂ ಅವನು ಹಟ ಬಿಡಲಿಲ್ಲ. ಹಳೇ ಜೀಪೊಂದನ್ನು ಕೊಂಡು, ಮೈಸೂರಿನ ಗ್ಯಾರೇಜೊಂದರಲ್ಲಿ ಗೇಣೆತ್ತರ ಏರಿಸಿ, ದೊಡ್ಡ ಟೈರು ಹಾಕಿಸಿದ. ಬಂಡೆ ಹತ್ತುವುದಕ್ಕೇನೋ ಅಡ್ಡಿಯಿರಲಿಲ್ಲ. ಕೂತವರ ಸೊಂಟ ಮಾತ್ರ ಮುರಿದು ಬೀಳುವಷ್ಟು ಗಡುಸಾಗಿತ್ತು. ಅದನ್ನು ಮೆತ್ತಗೆ ಮಾಡಿಸಲು ಜೀಪನ್ನು ಚಾಮರಾಜನಗರದ ಯೂಸುಫ್ ಸಾಬರ ಶೆಡ್ಡಿಗೆ ಬಿಟ್ಟಿದ್ದ. ಪರೀಕ್ಷೆಗೆ ಓಡಿಸುವವಳು ನಾನು. ಡ್ರೈವಿಂಗ್ ಕಲಿಸಿದ್ದೇ ಅವನು, ಇಲ್ಲ ಅನ್ನುವುದು ಹೇಗೆ?

ಚಾಮರಾಜನಗರದಲ್ಲಿ ಇಳಿದು ಇಡ್ಲಿ ತಿಂದು, ಆಟೋಗೆ ನಲವತ್ತು ರೂಪಾಯಿ ಕೊಟ್ಟು ಶೆಡ್ಡು ಸೇರಿದೆ. ಲಾರಿ, ಟ್ರ್ಯಾಕ್ಟರ್ ಟ್ರೈಲರುಗಳ ಕುಲುಕು ತಡೆಯುವ ಕಮಾನು ಪಟ್ಟಿ ಬಡಿಯುವುದು ಸಾಬರ ಕಸುಬು. ಅವರ ತಂದೆ ಜಟಕಾ ಗಾಡಿಗೆ ಬಡಿಯುತ್ತಿದ್ದರಂತೆ. ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ. ಅರವತ್ತು ದಾಟಿದ ಆ ಮನುಷ್ಯ ಜೀಪಿನ ಕೆಳಗೆ ಮಲಗಿ, ಬಟ್ಟಲಿನಿಂದ ಅರಿಶಿನ ತೆಗೆದು ಚಕ್ರದ ಒಳಮೈಗೆ, ಪಟ್ಟಿಗೆ, ಪೈಪಿಗೆ ಮದುವಣಗಿತ್ತಿಗೆ ಹಚ್ಚುವ ಹಾಗೆ ಹಚ್ಚುತ್ತಿದ್ದರು.

"ಅಯ್ಯೋ ಶಿವನೇ, ಇದೇನು ಸಾಬರೇ?" ಎಂದೆ.

"ಇದೇ ನಮ್ ಕಂಪ್ಯೂಟರ್, ಟೀಚರಮ್ಮ" ಎಂದು ಅವರು ತೆವಳಿಕೊಂಡು ಹೊರಬಂದರು. "ಅರಿಶಿನದ ಮಂಡೀಲಿ ಗುಡಿಸಿ ಬಿಸಾಕೋ ಪುಡಿ. ಒಂಚೂರು ಎಣ್ಣೆ ಹಾಕಿ ಕಲ್ಸಿದೀನಿ, ಮಳೆ ಬಂದ್ರೂ ಹೋಗಲ್ಲ. ನೀವು ಗುಡ್ಡ ಹತ್ತಿ ಇಳಿದು ಬನ್ನಿ. ಎಲ್ಲಿ ಅರಿಶಿನ ಉಜ್ಜಿ ಹೋಗಿರುತ್ತೋ ಅಲ್ಲಿ ಏನೋ ತಗುಲ್ತಾ ಇದೆ ಅಂತ ಅರ್ಥ. ಅದ್ನ ನೋಡಿ ನಾನು ಪಟ್ಟಿ ತೆಗೀತೀನಿ, ಇಲ್ಲ ಸೇರಿಸ್ತೀನಿ."

ನಲವತ್ತು ವರ್ಷದಿಂದ ಹೀಗೇ ಮಾಡುತ್ತಿದ್ದಾರಂತೆ. ನಾನು ತರಗತಿಯಲ್ಲಿ ಘರ್ಷಣೆಯ ಪಾಠ ಮಾಡುತ್ತೇನೆ, ಇಂಥ ಪ್ರಯೋಗ ನನ್ನ ತಲೆಗೆ ಹೊಳೆದಿರಲಿಲ್ಲ. ನೀವೂ ಜೊತೆಗೆ ಬನ್ನಿ ಅಂದರೆ ಅವರು ಒಪ್ಪಲಿಲ್ಲ. "ನಾನ್ ಪಕ್ಕ ಕೂತ್ರೆ ನೀವು ಹುಷಾರಾಗಿ ಓಡಿಸ್ತೀರ. ದಿನಾ ಓಡ್ಸೋ ಹಂಗೆ ಓಡಿಸ್ಬೇಕು" ಎಂದರು. ಅಣ್ಣನ ತೂಕ ಅರವತ್ತೆರಡು ಕಿಲೋ. ಅಷ್ಟೇ ತೂಕದ ಮರಳಿನ ಮೂಟೆಗಳನ್ನು ಅವನ ಸೀಟಿಗೆ ಕಟ್ಟಿದರು.

ತೆರಕಣಾಂಬಿಯಲ್ಲಿ ಟೀ ಕುಡಿದೆ. ಅಲ್ಲಿಂದ ಮುಂದೆ ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲ. ಕೇರಳದ ಕಾರುಗಳು ಸಾಲಾಗಿ ನಿಂತಿದ್ದವು, ಒಂದು ಸಂಸಾರ ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು. ಗುಂಡ್ಲುಪೇಟೆ ನಾಲ್ಕೈದು ಕಿಲೋಮೀಟರ್ ಇದೆ ಅನ್ನುವಾಗ ಎಡಕ್ಕೆ ಮಣ್ಣು ರಸ್ತೆ. ಅದು ಮುಗಿದ ಮೇಲೆ ದಾರಿ ಅನ್ನಬಾರದಂಥ ದಾರಿ. ಒಂದೂವರೆ ಕಿಲೋಮೀಟರ್ ಏರು, ನಡುವೆ ಮೊಣಕಾಲುದ್ದದ ಕೊರಕಲು. ಅದರ ಪಕ್ಕದಲ್ಲೇ ಬಿಟ್ಟುಹೋದ ಕರಿಕಲ್ಲಿನ ಕ್ವಾರಿ ಇದೆ. ಗುಂಡಿಯ ತುಂಬ ಹಸಿರು ನೀರು, ಅಂಚಿಗೆ ಒಂದು ಬೇಲಿಯೂ ಇಲ್ಲ. ಕೊರಕಲಿನಲ್ಲಿ ಮುಂದಿನ ಎಡ ಚಕ್ರ ಗಾಳಿಯಲ್ಲಿ ಜೋತಾಡಿ, ಧಡ್ ಎಂದು ನೆಲಕ್ಕೆ ಬಿತ್ತು. ಕಟ್ಟಿದ್ದ ಹಗ್ಗ ಸಡಿಲಿ ಮರಳಿನ ಮೂಟೆ ಒಂದಡಿ ಹಾರಿತು. ಅಲ್ಲಿ ಅಣ್ಣ ಕೂತಿದ್ದರೆ? ಹತ್ತಿದೆ, ಹೊಲದ ಬೇಲಿ ಮುಟ್ಟಿದ್ದೇ ತಿರುಗಿಸಿಕೊಂಡು ಇಳಿದೆ. ಹೊಲವನ್ನು ನೋಡುವಷ್ಟು ಸಮಾಧಾನ ನನಗಿರಲಿಲ್ಲ.

ಸಂಜೆ ಐದಕ್ಕೆ ಚಾಮರಾಜನಗರಕ್ಕೆ ಬಂದರೆ ಸಾಬರ ಶೆಡ್ಡಿಗೆ ಬೀಗ. ಯಾರದೋ ಮನೆಗೆ ಹೋಗಿದ್ದಾರೆ, ಬೆಳಗ್ಗೆ ತರಬೇಕಂತೆ ಎಂದು ಪಕ್ಕದ ಅಂಗಡಿಯವರು ಹೇಳಿದರು. ಜೀಪನ್ನು ಕುದೇರಿಗೆ ಒಯ್ದು ಅಣ್ಣನ ಮನೆ ಮುಂದೆ ನಿಲ್ಲಿಸಿದೆ. ಅತ್ತಿಗೆ ಮುದ್ದೆ, ಉಪ್ಸಾರು ಮಾಡಿದ್ದಳು. ಉಂಡವಳಿಗೆ ಅರಿಶಿನದ ವಿಷಯ ಹೇಳಬೇಕೆಂದು ಹೊಳೆಯಲೇ ಇಲ್ಲ. ಗೋಡೆಗೆ ಒರಗಿದ್ದೇ ನಿದ್ದೆ ಹೋದೆ.

ಮಾರನೆಯ ದಿನ ಶುಕ್ರವಾರ. ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದೆ. ಜೀಪಿನ ಕೆಳಗಿನಿಂದ ಅತ್ತಿಗೆಯ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು. "ಏನತ್ತಿಗೆ, ಮೆಕಾನಿಕ್ ಆಗ್ಬುಟ್ರಾ?" ಎಂದು ನಕ್ಕೆ. "ಶುಕ್ರವಾರ ಅಲ್ವಾ, ಗಾಡಿ ಪೂಜೆ" ಎಂದಳು. ಚೆಂದ ಕಾಣುತ್ತದೆಂದು ಆ ಪಾದಗಳ ಫೋಟೋ ಬೇರೆ ತೆಗೆದೆ! ಈಗಲೂ ಆ ಫೋಟೋ ಕಣ್ಣಿಗೆ ಬಿದ್ದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹತ್ತಕ್ಕೆ ಮೂವರೂ ಸಾಬರ ಶೆಡ್ಡಿನಲ್ಲಿದ್ದೆವು. ಮಧ್ಯಾಹ್ನ ಜುಮ್ಮಾ ನಮಾಜು, ಅವರಿಗೆ ಅವಸರ. ಚಕ್ರ ಬಿಚ್ಚದೆ ಬಗ್ಗಿ, ಟಾರ್ಚು ಬಿಟ್ಟು ನೋಡಿದರು. "ಮಾಷಾ ಅಲ್ಲಾ, ಎಲ್ಲೂ ತಗುಲಿಲ್ಲ! ಇನ್ನೂ ಮೆತ್ತಗೆ ಮಾಡಬೋದು" ಎಂದು ಮುಂದಿನ ಎರಡೂ ಕಮಾನುಗಳಿಂದ ಒಂದೊಂದು ಪಟ್ಟಿ ತೆಗೆದರು. ಅಣ್ಣನನ್ನು ಎತ್ತಿ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಶೆಡ್ಡಿನ ಮುಂದಿದ್ದ ದಿಣ್ಣೆಯನ್ನು ಹತ್ತಿಸಿ ಇಳಿಸಿದೆ. ಜೀಪು ಉಯ್ಯಾಲೆಯಂತೆ ಹೋಯಿತು. ಅಣ್ಣನ ಮುಖ ಅರಳಿದ್ದನ್ನು ನೋಡಿ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋಗ್ಬನ್ನಿ, ಧೈರ್ಯವಾಗಿ ಹೋಗಿ" ಎಂದು ಸಾಬರು ಕೈ ತೊಳೆಯಲು ಹೋದರು.

ಗುಡ್ಡದ ಬುಡ ಮುಟ್ಟಿದಾಗ ಒಂದು ಗಂಟೆ. ಸಣ್ಣಗೆ ಹನಿಯುತ್ತಿತ್ತು. ಏರುವ ಮುಂಚೆ ಅತ್ತಿಗೆ ಇಳಿದು ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಇಡುತ್ತಾ ಇಡುತ್ತಾ ನನ್ನನ್ನೇ ಗದರಿಸಿದಳು.

"ಅಲ್ಲಾ ಸುಮಾ, ನೀನೂ ಓದಿದೋಳು. ಪೂಜೆ ಮಾಡಿದ್ ಗಾಡೀನ ಅರಿಶಿನ ಎಲ್ಲಾ ಅಳಿಸ್ಕಂಡ್ ತರ್ತಾರಾ? ಇವರು ಕೂರೋ ಗಾಡಿ ಅದು. ನನ್ ಎದೆ ಧಸಕ್ ಅಂತು. ಎಲ್ಲೆಲ್ಲಿ ಓಗಿತ್ತೋ ಅಲ್ಲೆಲ್ಲಾ ಬೆಳಗ್ಗೆ ನಾನೇ ತುಂಬ್ಬುಟ್ಟೆ."

ನಾನು ಬಾಗಿಲು ತೆರೆದು ಕೆಳಗೆ ಹಾರಿದೆ. "ಎಲ್ಲೆಲ್ಲಿ ಹೋಗಿತ್ತು ಅತ್ತಿಗೆ?"

"ಈ ಚಕ್ರದ ಒಳಗಡೆ ಒಂಚೂರು. ಆ ಕಬ್ಬಿಣದ ತುದೀಲಿ ಒಂಚೂರು. ಆ ಕರೀ ಪೈಪಿನ ಮ್ಯಾಲಂತೂ ಒಂದು ಚುಕ್ಕಿನೂ ಇರ್ಲಿಲ್ಲ."

ಕೆಸರು ಅಂತಲೂ ನೋಡದೆ ಜೀಪಿನ ಕೆಳಗೆ ನುಗ್ಗಿದೆ. ಮುಂದಿನ ಎಡ ಚಕ್ರಕ್ಕೆ ಬ್ರೇಕಿನ ಎಣ್ಣೆ ಒಯ್ಯುವ ರಬ್ಬರ್ ಪೈಪು ಅದು. ಮೇಲೆ ನೀಟಾಗಿ, ಭಕ್ತಿಯಿಂದ ಬಳಿದ ಅರಿಶಿನ. ಹೆಬ್ಬೆರಳಿನಿಂದ ಉಜ್ಜಿದೆ. ಅರಿಶಿನದ ಜೊತೆಗೆ ರಬ್ಬರಿನ ಚೂರೂ ಉದುರಿತು, ಒಳಗಿನ ನೂಲು ಬೆರಳಿಗೆ ಸಿಕ್ಕಿತು. ಜೀಪನ್ನು ಗೇಣೆತ್ತರ ಏರಿಸಿದ ಗ್ಯಾರೇಜಿನವರು ಪೈಪನ್ನು ಮಾತ್ರ ಹಳೆಯ ಅಳತೆಯದ್ದೇ ಬಿಟ್ಟಿದ್ದರು. ಚಕ್ರ ಜೋತುಬಿದ್ದಾಗಲೆಲ್ಲ ಅದು ಎಳೆದು, ಕಬ್ಬಿಣದ ತುದಿಗೆ ಉಜ್ಜುತ್ತಿತ್ತು. ಈಗ ಪಟ್ಟಿ ತೆಗೆದು ಮೆತ್ತಗೆ ಮಾಡಿದ್ದರಿಂದ ಚಕ್ರ ಇನ್ನೂ ಜೋತು ಬೀಳುತ್ತದೆ. ಹಳೇ ಜೀಪು, ಒಂದು ಪೈಪು ಹರಿದರೆ ನಾಲ್ಕು ಚಕ್ರಕ್ಕೂ ಬ್ರೇಕಿಲ್ಲ. ಹರಿಯುವುದು ಆ ಕೊರಕಲಿನಲ್ಲಿ. ಪಕ್ಕದಲ್ಲಿ ಆ ನೀರು. ಬೆಲ್ಟು ಬಿಗಿದು ಕೂರಿಸಿದ ಅಣ್ಣ.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ.

"ಏನಾಯ್ತಮ್ಮಿ?" ಎಂದು ಅಣ್ಣ ಮೇಲಿನಿಂದ ಕೂಗಿದ. ಹೊರಗೆ ಬಂದು ತೊದಲುತ್ತಾ ಹೇಳಿದೆ. ಅರಿಶಿನ ಪೂಜೆಗಲ್ಲ, ಗುರುತಿಗೆ ಎಂದೆ. ಅತ್ತಿಗೆಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಕೈಯಲ್ಲಿದ್ದ ಕುಂಕುಮದ ಡಬ್ಬಿ ಬಿಟ್ಟು, ನಿಂತಲ್ಲೇ ಕುಸಿದು ಕೂತಳು. "ನನ್ ಕೈಯಾರೆ ಸಾಯಿಸ್ಬುಡ್ತಿದ್ನಲ್ಲಾ ಇವರ್ನ... ನನ್ ಕೈಯಾರೆ..." ಅದೊಂದೇ ಮಾತು. ಅಣ್ಣ ಮುಂದಿನ ಗಾಜನ್ನೇ ನೋಡುತ್ತಾ ಕೂತ. ಬೈದಿದ್ದರೂ ಚೆನ್ನಾಗಿತ್ತು. ಹಿಂದಿನ ರಾತ್ರಿ ಅರಿಶಿನದ ಬಗ್ಗೆ ಎರಡು ಮಾತು ಹೇಳಿದ್ದರೆ ಸಾಕಿತ್ತು, ಹೇಳದೆ ನಿದ್ದೆ ಮಾಡಿದವಳು ನಾನು.

ಸಾಬರಿಗೆ ಫೋನು ಮಾಡಿದರೆ ನಮಾಜಿನ ಹೊತ್ತು, ಎತ್ತಲಿಲ್ಲ. ಎರಡು ಗಂಟೆಗೆ ಅವರೇ ಮಾಡಿದರು. ವಿಷಯ ಕೇಳಿ "ಅಲ್ಲೇ ಇರಿ, ಒಂದಡಿನೂ ಮುಂದೆ ಹೋಗ್ಬೇಡಿ" ಅಂದರು. ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ ಆ ವಯಸ್ಸಿನಲ್ಲಿ ಸ್ಕೂಟರ್ ಓಡಿಸಿಕೊಂಡು ಮೂರೂಕಾಲು ಗಂಟೆಗೆ ಬಂದರು. ನಮಾಜಿಗೆ ಹಾಕಿದ್ದ ಬಿಳೀ ಜುಬ್ಬಾದಲ್ಲೇ ಕೆಳಗೆ ಮಲಗಿ ಪೈಪು ನೋಡಿದರು.

"ತೌಬಾ, ತೌಬಾ" ಎಂದು ಎರಡೂ ಕೆನ್ನೆ ಮುಟ್ಟಿಕೊಂಡರು. ಅತ್ತಿಗೆಯ ಕಡೆ ತಿರುಗಿ, "ನಿಮ್ದೇನ್ ತಪ್ಪಿಲ್ಲ ತಾಯಿ. ಹೆಂಗಸರು ಗಾಡಿಗೆ ಅರಿಶಿನ ಹಚ್ಚೋದು ನನಗ್ ಗೊತ್ತಿಲ್ವಾ? ಹಸೀ ಅರಿಶಿನ, ಒಣಗಿದ್ದು ಯಾವ್ದು ಅಂತ ಕೈ ಹಾಕಿ ನೋಡ್ಬೇಕಾಗಿತ್ತು. ನಮಾಜಿಗೆ ಓಡೋ ಅವಸರದಲ್ಲಿ ಕಣ್ಣಲ್ಲಿ ನೋಡಿದೆ. ನಲವತ್ತು ವರ್ಷದ ಕಸುಬು, ಮಣ್ಣಾಗ್ತಿತ್ತು" ಎಂದರು. ಆ ಮಾತಿಗೆ ಅತ್ತಿಗೆಯ ಅಳು ಹೆಚ್ಚಾಯಿತೇ ಹೊರತು ಕಮ್ಮಿಯಾಗಲಿಲ್ಲ.

ತಂದಿದ್ದ ಉದ್ದನೆಯ ಪೈಪು ಹಾಕಿ, ಉಜ್ಜದಂತೆ ದೂರಕ್ಕೆ ಎಳೆದು ಕಟ್ಟಿದರು. ಇನ್ನು ಬ್ರೇಕಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಕೆಳಗೆ ಸಾಬರು ತಿರುಪು ತಿರುಗಿಸಬೇಕು, ನಾನು ಎಣ್ಣೆ ಸುರಿಯಬೇಕು, ಯಾರಾದರೂ ಪೆಡಲ್ ತುಳಿಯಬೇಕು. ಅಣ್ಣನ ಕಾಲು ಕೆಲಸಕ್ಕೆ ಬಾರದು. ಉಳಿದವಳು ಅತ್ತಿಗೆ. ಜೀವಮಾನದಲ್ಲಿ ಡ್ರೈವರ್ ಸೀಟಿನಲ್ಲಿ ಕೂತವಳಲ್ಲ. "ನಾನ್ ಮುಟ್ಟಾಕಿಲ್ಲ, ನಾನ್ ಇದ್ನ ಮುಟ್ಟಾಕಿಲ್ಲ" ಎಂದು ಹಿಂದೆ ಹಿಂದೆ ಸರಿದಳು.

ಆಗ ಅಣ್ಣ ಎರಡು ತಾಸಿನ ನಂತರ ಮೊದಲ ಸಲ ಬಾಯಿ ಬಿಟ್ಟ. "ಬಾ, ಮ್ಯಾಲಕ್ಕೆ ಅತ್ತು. ನಾನ್ ಹೇಳ್ಕೊಡ್ತೀನಿ."

ಅವಳು ಹತ್ತಿ ಕೂತಳು. "ಮಧ್ಯದ್ದು ಕಣಮ್ಮಿ. ಒತ್ತು. ಇಡ್ಕೊ. ಈಗ ಬುಡು. ಇನ್ನೊಂದ್ಸಲ ಒತ್ತು" ಎಂದು ಅವನು ಹೇಳುತ್ತಾ ಹೋದ. ಇವಳು ಬಿಕ್ಕುತ್ತಾ ಒತ್ತಿದಳು, ಬಿಟ್ಟಳು. ಇಪ್ಪತ್ತು ಸಲವಾದರೂ ಆಗಿರಬೇಕು. ಕೊನೆಗೆ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಸಾಬರು ಕೆಳಗಿನಿಂದ "ಸಾಕು ತಾಯಿ" ಎಂದರು.

ಇವತ್ತು ಬೇಡ, ವಾಪಸ್ ಹೋಗೋಣ ಎಂದೆ. ಅಣ್ಣ ಗುಡ್ಡದ ಕಡೆ ಕೈ ತೋರಿಸಿದ. ಸರಿ, ಮರಳಿನ ಮೂಟೆ ಇಲ್ಲದಿದ್ದರೂ ಅಣ್ಣನನ್ನು ಕೆಳಗಿಳಿಸಿ ಮೊದಲು ಒಬ್ಬಳೇ ಕೊರಕಲು ದಾಟಿಸಿ ತಂದೆ. ಸಾಬರು ಅಲ್ಲಿಗೆ ನಡೆದು ಬಂದು, ಮಂಡಿಯೂರಿ, ಚಕ್ರ ಜೋತಾಡುವಾಗ ಪೈಪಿಗೆ ಕೈಯಿಟ್ಟು ನೋಡಿದರು. ಎಳೆತವಿಲ್ಲ, ಉಜ್ಜಾಟವಿಲ್ಲ. ಆಮೇಲೆ ಅಣ್ಣನನ್ನು ಹತ್ತಿಸಿಕೊಂಡು ನಾಲ್ವರೂ ಹೊರಟೆವು. ನಿನ್ನೆ ಧಡ್ ಎಂದಿದ್ದ ಜಾಗದಲ್ಲಿ ಜೀಪು ಮೆಲ್ಲಗೆ ಕೂತು ಎದ್ದಿತು. "ನೋವಾಯ್ತಾ?" ಎಂದು ಅತ್ತಿಗೆ ಹಿಂದಿನ ಸೀಟಿನಿಂದ ಐದಾರು ಸಲ ಕೇಳಿದಳು. "ಇಲ್ಲ" ಎಂದು ಅವನು ಪ್ರತಿ ಸಲವೂ ಹೇಳಿದ.

ಬೇಲಿ ದಾಟಿ ಹೊಲದ ನಡುವೆ ನಿಲ್ಲಿಸಿದೆ. ಎರಡು ಎಕರೆ ಚೆಂಡುಹೂವು, ಬದುವಿನ ಉದ್ದಕ್ಕೂ ತೊಗರಿ. ಒಬ್ಬಳು ಹೆಂಗಸು, ಬಸ್ಸಿನಲ್ಲಿ ಬಂದು, ಈ ಗುಡ್ಡ ನಡೆದು ಹತ್ತಿ, ಇಷ್ಟನ್ನು! ನಿನ್ನೆ ಇಲ್ಲಿಗೆ ಬಂದೂ ನೋಡದೆ ಹೋದೆನಲ್ಲ ಎಂದು ನಾಚಿಕೆಯಾಯಿತು. ಅಣ್ಣ ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ: "ಸಾಲೆಲ್ಲಾ ಸೊಟ್ಟಗೈತೆ ಕಣಮ್ಮಿ."

ನನಗೆ ಅವನ ಬಾಯಿಗೆ ಬಡಿಯಬೇಕೆನಿಸಿತು. ಅತ್ತಿಗೆ ಮಾತ್ರ ಮಧ್ಯಾಹ್ನದಿಂದ ತಗ್ಗಿಸಿದ್ದ ತಲೆ ಎತ್ತಿದಳು.

"ಮೂರ್ ವರ್ಸ ಒಬ್ಳೇ ಎಳ್ದಿದ್ದು. ಸೊಟ್ಟಗಿದ್ರೆ ನೀವೇ ನೆಟ್ಟಗ್ ಮಾಡ್ಕೊಳಿ. ಬಂದ್ರಲ್ಲ!"

ಅಣ್ಣ ನಕ್ಕ. ನಗುತ್ತಾ ನಗುತ್ತಾ, ಬಿದ್ದು ಆಸ್ಪತ್ರೆಯಲ್ಲಿದ್ದಾಗಲೂ ಅಳದವನು, ಸಣ್ಣ ಮಗುವಿನ ಹಾಗೆ ಅತ್ತುಬಿಟ್ಟ. ಅತ್ತಿಗೆ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಸಾಬರು ಆ ಕಡೆ ತಿರುಗಿ, ಬಿಸಿಲಿಲ್ಲದ ಆಕಾಶ ನೋಡಿ, ಕತ್ತಲಾಗುವ ಮುಂಚೆ ಇಳಿಯೋಣ ಎಂದರು.

ಇಳಿಯುವಾಗ ಕ್ವಾರಿಯ ಅಂಚಿಗೆ ಬಂದೆವು. ದಾರಿಯಲ್ಲೇ ಅತಿ ಕಡಿದಾದ ಜಾಗ, ಎಡಕ್ಕೆ ಹಸಿರು ನೀರು. ಸರಿಯಾಗಿ ಅಲ್ಲೇ ಅಣ್ಣ ನನ್ನ ತೋಳು ಹಿಡಿದ. "ಒಸಿ ನಿಲ್ಸಮ್ಮಿ. ಇನ್ನೊಂದ್ಸಲ ನೋಡ್ತೀನಿ."

ಬ್ರೇಕ್ ಒತ್ತಿದೆ. ಜೀಪು ನಿಂತಿತು. ಅಣ್ಣ ಕತ್ತು ಹೊರಳಿಸಿ, ಸಾಕಾಗುವಷ್ಟು ಹೊತ್ತು ಹೊಲ ನೋಡಿದ.